ಮಳೆಯ ಊರಿನಲ್ಲಿ ರಟ್ಟಿನ ಮರೆ

ನಮಸ್ಕಾರ. ಹೊರಗೆ ಮಳೆ ಕೇಳಿಸುತ್ತಿದೆ ಅಲ್ವಾ? ಮಡಿಕೇರಿಯ ಜುಲೈ ಇದು. ಇಂಥ ಊರಲ್ಲಿ ರಟ್ಟಿನಿಂದ ಕೋಣೆ ಕಟ್ಟುತ್ತೇನೆ ಅಂದರೆ ಯಾರೂ ನಂಬುವುದಿಲ್ಲ. ಆದರೆ ನಾನು ಕಟ್ಟುತ್ತಿರುವುದು ಬಯಲಿನಲ್ಲಿ ಅಲ್ಲ. ಗಟ್ಟಿ ಚಾವಣಿ ಇರುವ ಹಾಲ್‌ನ ಒಳಗೆ.

2018ರ ಆಗಸ್ಟ್. ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ನಾವು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟೆವು. ಮಡಿಕೇರಿಯ ಒಂದು ಹಾಲ್‌ನಲ್ಲಿ ಜಾಗ ಸಿಕ್ಕಿತು. ಊಟ, ಹೊದಿಕೆ ಯಾವುದಕ್ಕೂ ಕಮ್ಮಿ ಆಗಲಿಲ್ಲ. ಎಲ್ಲೆಲ್ಲಿಂದಲೋ ಜನ ತಂದು ಕೊಟ್ಟರು. ಇಲ್ಲದೇ ಇದ್ದದ್ದು ಮರೆ. ಅಮ್ಮ ಬಟ್ಟೆ ಬದಲಿಸಬೇಕು ಅಂದರೆ ನಾನೂ ಚಿಕ್ಕಮ್ಮನೂ ಎರಡು ಕಡೆ ಸೀರೆ ಹಿಡಿದು ನಿಲ್ಲುತ್ತಿದ್ದೆವು. ಪಕ್ಕದ ಚಾಪೆಯ ಬಾಣಂತಿ ಮಗುವಿಗೆ ಹಾಲು ಕೊಡುವಾಗ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ನಾನು ಆರ್ಕಿಟೆಕ್ಚರ್ ಓದಿದ್ದು ಆಮೇಲೆ. ಆ ಸೀರೆಯ ಗೋಡೆ ಮಾತ್ರ ತಲೆಯಿಂದ ಹೋಗಲೇ ಇಲ್ಲ.

ಕಾಲೇಜಿನಲ್ಲಿ ಶಿಗೇರು ಬಾನ್ ಅವರ ಕೆಲಸದ ಪರಿಚಯ ಆಯಿತು. ಜಪಾನಿನ ಆರ್ಕಿಟೆಕ್ಟ್. 1995ರಲ್ಲಿ ಕೋಬೆಯಲ್ಲಿ ಭೂಕಂಪ ಆದಾಗ ಕಾಗದದ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಮನೆ ಮಾಡಿದರು. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿರುತ್ತಾರಲ್ಲ, ಅಂಥ ಕೊಳವೆ. ಅಡಿಪಾಯಕ್ಕೆ ಬಿಯರ್ ಕ್ರೇಟು, ಅದರೊಳಗೆ ಮರಳಿನ ಚೀಲ. 2001ರಲ್ಲಿ ಗುಜರಾತಿನ ಭುಜ್‌ಗೂ ಬಂದರು. ಅಲ್ಲಿ ಬಿಯರ್ ಕ್ರೇಟು ಎಲ್ಲಿ ಸಿಗಬೇಕು? ಬಿದ್ದ ಮನೆಗಳ ಕಲ್ಲು ಇಟ್ಟಿಗೆಯನ್ನೇ ಅಡಿಪಾಯಕ್ಕೆ ಹಾಕಿ, ಮೇಲೆ ಮಣ್ಣಿನ ನೆಲ ಮಾಡಿದರು. 2011ರಲ್ಲಿ ಜಪಾನಿನಲ್ಲಿ ಸುನಾಮಿ ಆದಾಗ ಜನ ತಂಗಿದ್ದ ಜಿಮ್‌ಗಳ ಒಳಗೆ ಕಾಗದದ ಕೊಳವೆಯ ಚೌಕಟ್ಟು, ಅದಕ್ಕೆ ಬಟ್ಟೆಯ ಪರದೆ. ಒಂದೊಂದು ಮನೆಯವರಿಗೂ ಒಂದೊಂದು ಗೂಡು. ಆ ಫೋಟೋ ನೋಡಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ನನ್ನದು ಕೊಳವೆ ಅಲ್ಲ. ಬಾಕ್ಸ್ ಮಾಡುವ ಫೈವ್ ಪ್ಲೈ ಶೀಟ್. ಅಂಚನ್ನು ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಮೂರು ಚಪ್ಪಟೆ ಹಾಳೆ, ನಡುವೆ ಎರಡು ಸಾಲು ಅಲೆ. ಅಲೆಯ ಗೆರೆ ಕಂಬದ ಹಾಗೆ ನಿಂತಿದ್ದರೆ ಭಾರ ಹೊರುತ್ತದೆ. ಅಡ್ಡ ಮಲಗಿದ್ದರೆ ಬಗ್ಗಿ ಹೋಗುತ್ತದೆ. ಇದು ಗೊತ್ತಿದ್ದೂ ಮೊದಲ ಸಲ ಎಡವಿದೆ. ಮೈಸೂರಿನಲ್ಲಿ ಲೇಸರ್ ಕಟಿಂಗ್ ಮಾಡಿಸಿದ್ದೆ. ಶೀಟ್ ಜಾಸ್ತಿ ದಂಡ ಆಗದಿರಲಿ ಅಂತ ಸಾಫ್ಟ್‌ವೇರ್ ಕೆಲವು ಭಾಗಗಳನ್ನು ಅಡ್ಡ ತಿರುಗಿಸಿ ಜೋಡಿಸಿತ್ತು. ನಾನು ಗಮನಿಸಲಿಲ್ಲ. ಬಸ್ಸಿನಲ್ಲಿ ಹೊತ್ತು ತಂದು ನಿಲ್ಲಿಸಿದರೆ ಎರಡು ಹಲಗೆ ಮೊಣಕಾಲು ಮಡಚಿದ ಹಾಗೆ ಕುಸಿದವು. ಈಗ ಫೈಲ್‌ನಲ್ಲಿ ಪ್ರತಿ ಭಾಗದ ಮೇಲೂ ನಂಬರ್ ಜೊತೆಗೆ ಒಂದು ಬಾಣ ಇದೆ. ಅಲೆ ಈ ಕಡೆಗೇ ಇರಬೇಕು ಅಂತ.

ಲೇಸರ್‌ನ ಪವರ್ ಇಳಿಸಿದರೆ ಮೇಲಿನ ಹಾಳೆ ಮಾತ್ರ ಸೀಳುತ್ತದೆ. ಆ ಗೆರೆಯಲ್ಲಿ ನೀಟಾಗಿ ಮಡಚಬಹುದು. ನೆಟ್ಟಗಿರುವ ಶೀಟ್ ಬೀಳುತ್ತದೆ, ಅಂಕುಡೊಂಕಾಗಿ ಮಡಚಿದ್ದು ತಾನೇ ನಿಲ್ಲುತ್ತದೆ.

ನನ್ನನ್ನು ನಿಜವಾಗಿ ಕಾಡಿದ್ದು ತೇವ. ಎರಡು ಹಲಗೆ ಒಂದರೊಳಗೊಂದು ಕೂರಲು ಸೀಳು ಇರುತ್ತದೆ. ಮೈಸೂರಿನಲ್ಲಿ ಅದು ಸರಿಯಾಗಿ ಕೂತಿತ್ತು. ಇಲ್ಲಿ ಕೂರಲಿಲ್ಲ, ಒತ್ತಿದರೆ ಅಂಚು ನಜ್ಜಾಯಿತು. ಮಳೆ ತಾಗಬೇಕು ಅಂತಲೇ ಇಲ್ಲ, ಗಾಳಿಯ ತೇವವನ್ನೇ ರಟ್ಟು ಕುಡಿದು ಊದಿಕೊಳ್ಳುತ್ತದೆ. ಅಮ್ಮ ಒಂದು ಮಾತೂ ಆಡದೆ ಹಲಗೆಗಳನ್ನು ಒಲೆಯ ಬಿಸಿ ತಾಗುವ ಗೋಡೆಗೆ ಒರಗಿಸಿದರು. ಬೆಳಿಗ್ಗೆ ಬೆರಳಲ್ಲಿ ಬಡಿದರೆ ಟಕ್ ಟಕ್ ಅನ್ನುತ್ತಿತ್ತು. ಒಣಗಿದ ಕೂಡಲೇ ಕತ್ತರಿಸಿದ ಅಂಚುಗಳಿಗೆಲ್ಲ ವಾರ್ನಿಷ್, ಎರಡು ಕೋಟು. ಅಲೆಯ ಬಾಯಿ ತೆರೆದಿರುವುದು ಅಲ್ಲೇ, ನೀರು ಕುಡಿಯುವುದೂ ಅಲ್ಲಿಂದಲೇ. ಕೆಳಗೆ ಸಿಲ್ವರ್ ಓಕ್ ರೀಪರ್, ನೆಲದಿಂದ ಎರಡು ಇಂಚು ಮೇಲೆ. ತೋಟದ ಮರ, ಇಲ್ಲಿ ಯಾವ ಮಿಲ್ಲಿನಲ್ಲಿ ಕೇಳಿದರೂ ಸಿಗುತ್ತದೆ. ಇನ್ನೊಂದು, ಕ್ಯಾಂಡಲ್ ಹತ್ತಿರ ತರಲೇಬಾರದು. ವಾರ್ನಿಷ್ ಹಚ್ಚಿದ ಕಾಗದ ಇದು.

ನಿನ್ನೆ ನಮ್ಮೂರ ಹಾಲ್‌ನಲ್ಲಿ ಮೊದಲ ಗೂಡು ನಿಲ್ಲಿಸಿದೆವು. ಮೊಳೆ ಇಲ್ಲ, ಅಂಟು ಇಲ್ಲ, ನಂಬರ್ ನೋಡಿ ಸಿಕ್ಕಿಸುತ್ತಾ ಹೋಗುವುದು. ಚಿಕ್ಕಮ್ಮ ಮೂರನೇ ಹಲಗೆಯಿಂದ ನನಗಿಂತ ಬೇಗ ಜೋಡಿಸಿದರು. ಅಮ್ಮ ಒಳಗೆ ಹೋಗಿ ಪರದೆ ಎಳೆದುಕೊಂಡರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಳಗಿಂದಲೇ ಕೇಳಿದರು, "ಎಲ್ಲಾ ಸರಿ, ಬಿಚ್ಚಿದ ಸೀರೆ ಎಲ್ಲಿ ನೇತು ಹಾಕೋದು?"

ಅದಕ್ಕೇ ಈಗ ಫೈಲ್ ತೆರೆದು ಕೂತಿದ್ದೇನೆ. ಆರನೇ ನಂಬರ್ ಹಲಗೆಯಲ್ಲಿ, ಅಮ್ಮನ ಭುಜದ ಎತ್ತರಕ್ಕೆ, ಗೂಟಕ್ಕೆ ಒಂದು ತೂತು ಬರೆಯುತ್ತಿದ್ದೇನೆ. ಅಲ್ಲಿ ಇನ್ನೊಂದು ಪದರ ಅಂಟಿಸಬೇಕು. ಇಲ್ಲದಿದ್ದರೆ ಒದ್ದೆ ಸೀರೆಯ ಭಾರಕ್ಕೆ ಹರಿದು ಹೋಗುತ್ತದೆ.