ಹಾಲಿನ ಗಡಿಗೆ ಯಾರದ್ದು?

ಎಲ್ಲರಿಗೂ ನಮಸ್ಕಾರ. ಮಹಿಳಾ ದಿನ ಬಂತೆಂದರೆ ಅಮೆರಿಕದ ಮತದಾನದ ಹೋರಾಟದ ಮೇಲೆ ಒಂದು ಭಾಷಣ ಗ್ಯಾರಂಟಿ. ಸೆನೆಕಾ ಫಾಲ್ಸ್ ಊರಿನ ಮಹಿಳಾ ಹಕ್ಕುಗಳ ಸಮ್ಮೇಳನ, 1848, ಚಳವಳಿಯ ನಾಯಕಿಯರಾದ ಎಲಿಜಬೆತ್ ಕೇಡಿ ಸ್ಟ್ಯಾಂಟನ್, ಸೂಸನ್ ಆಂಥನಿ. ಅಲ್ಲಿಂದ ಒಂದೇ ನೆಗೆತಕ್ಕೆ 1920. ಮತ ಸಿಕ್ಕಿತು, ಚಪ್ಪಾಳೆ! ನಡುವೆ ಇದ್ದವರು ಎಲ್ಲಿ ಹೋದರು ಸ್ವಾಮಿ?

ಅಂಥವರಲ್ಲಿ ಒಬ್ಬರು ಫ್ರಾನ್ಸಿಸ್ ಎಲೆನ್ ವಾಟ್ಕಿನ್ಸ್ ಹಾರ್ಪರ್. 1825ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿದರು. ಸುತ್ತ ಗುಲಾಮಗಿರಿ, ಇವರ ಮನೆಯವರು ಮಾತ್ರ ಸ್ವತಂತ್ರ ಕಪ್ಪು ಜನ. ಕವಿತೆ ಬರೆದರು, ಗುಲಾಮಗಿರಿಯ ವಿರುದ್ಧ ಊರೂರು ತಿರುಗಿ ಮಾತಾಡಿದರು. 1860ರಲ್ಲಿ ಮದುವೆಯಾಗಿ ಓಹಾಯೋದಲ್ಲಿ ಹೊಲ ಮಾಡಿಕೊಂಡು ನಿಂತರು. ಬೆಣ್ಣೆ ತೆಗೆದು ಕೊಲಂಬಸ್ ಪೇಟೆಗೆ ಮಾರುತ್ತಿದ್ದರು. 1864ರಲ್ಲಿ ಗಂಡ ತೀರಿಕೊಂಡ. ಸಾಲ ಇತ್ತು.

ಮುಂದಿನದನ್ನು ಸ್ವಲ್ಪ ಸಾವಧಾನವಾಗಿ ಹೇಳುತ್ತೇನೆ. ಗಂಡನನ್ನು ಮಣ್ಣು ಮಾಡಿ ಮೂರು ತಿಂಗಳೂ ಆಗಿರಲಿಲ್ಲ. ಆಸ್ತಿ ವಿಲೇವಾರಿಗೆ ನೇಮಕವಾದವನು ಬಂದು ಹಾಲಿನ ಗಡಿಗೆ, ಬಟ್ಟೆ ಒಗೆಯುವ ಟಬ್ಬು ಎಲ್ಲ ಬಾಚಿಕೊಂಡು ಹೋದ. ಕೈಯಲ್ಲಿ ನಾಲ್ಕು ಮಕ್ಕಳು. ಬೆಣ್ಣೆ ಮಾರುವವಳಿಗೆ ಗಡಿಗೆಯೇ ಇಲ್ಲದಿದ್ದರೆ ಏನು ಮಾಡಬೇಕು? ಬಿಟ್ಟುಹೋದದ್ದು ಒಂದೇ, ಒಂದು ಕನ್ನಡಿ. ಅದನ್ನ ಯಾಕೆ ಬಿಟ್ಟನೋ! ಇರುವ ಗತಿಯನ್ನು ನೋಡಿಕೊಳ್ಳಲಿ ಅಂತಿರಬೇಕು.

1866ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಮಹಿಳಾ ಹಕ್ಕುಗಳ ಸಮ್ಮೇಳನದಲ್ಲಿ ಹಾರ್ಪರ್ ಇದನ್ನೆಲ್ಲ ಹೇಳಿದರು. ಸತ್ತದ್ದು ನಾನಾಗಿದ್ದರೆ? ಇಷ್ಟು ಹೊತ್ತಿಗೆ ಗಂಡನಿಗೆ ಬಹುಶಃ ಇನ್ನೊಬ್ಬ ಹೆಂಡತಿ ಬಂದಿರುತ್ತಿದ್ದಳು, ಯಾರೂ ಅವನ ಮನೆಗೆ ನುಗ್ಗಿ ಹಾಸಿಗೆ ಮಾರುತ್ತಿರಲಿಲ್ಲ ಅಂದರು. ನಾನಂತೂ ಎಲ್ಲಿ ಭಾಷಣಕ್ಕೆ ಹೋದರೂ ಹೇಳುವುದು ಇದನ್ನೇ, ಬೇಜಾರು ಮಾಡಿಕೊಳ್ಳಬೇಡಿ: ಮತದ ಪ್ರಶ್ನೆಗೆ ಮುಂಚೆ ಗಡಿಗೆ ಯಾರದ್ದು ಅನ್ನೋ ಪ್ರಶ್ನೆ ಇತ್ತು.

ಹಾರ್ಪರ್ ಅಷ್ಟಕ್ಕೇ ಬಿಡಲಿಲ್ಲ. ಮತ ಬಂದ ಕೂಡಲೇ ಎಲ್ಲ ಕಷ್ಟ ವಾಸಿಯಾಗುತ್ತೆ ಅಂತ ನಾನು ನಂಬುವುದಿಲ್ಲ, ಬಿಳಿ ಹೆಂಗಸರು ಆಕಾಶದಿಂದ ಈಗಷ್ಟೇ ಉದುರಿದ ಇಬ್ಬನಿ ಅಂತಲೂ ನಂಬುವುದಿಲ್ಲ ಅಂದರು. ಯಾರ ಎದುರು? ಬಿಳಿ ಹೆಂಗಸರ ಎದುರೇ! ಫಿಲಡೆಲ್ಫಿಯಾದ ಟ್ರಾಮಿನಲ್ಲಿ ಕಪ್ಪು ಹೆಂಗಸಿಗೆ ಕೂರಲು ಬಿಡುತ್ತಿರಲಿಲ್ಲ. ರೈಲಿನ ಕಂಡಕ್ಟರ್ ಜೊತೆ ನಡೆದ ಜಟಾಪಟಿಯಲ್ಲಿ, ಗುಲಾಮರನ್ನು ತಪ್ಪಿಸಿ ಕರೆತಂದ ಹ್ಯಾರಿಯೆಟ್ ಟಬ್ಮನ್ ಕೈ ಊದಿಕೊಂಡಿತ್ತು. ಅದನ್ನೂ ಹೇಳಿ, ಇದು ನಿಮಗೆ ಸಂಬಂಧಪಟ್ಟ ವಿಷಯ ಅಲ್ವಾ ಅಂತ ಕೇಳಿದರು.

ಮೂರು ವರ್ಷಕ್ಕೆ ಈ ಹೋರಾಟದ ಗುಂಪು ಒಡೆಯಿತು. ಅಮೆರಿಕದ ಸಂವಿಧಾನದ 15ನೇ ತಿದ್ದುಪಡಿ ಕಪ್ಪು ಗಂಡಸರಿಗೆ ಮತ ಕೊಡುವುದಿತ್ತು, ಹೆಂಗಸರಿಗೆ ಇಲ್ಲ. ಸ್ಟ್ಯಾಂಟನ್, ಆಂಥನಿ ಬೇಡವೆಂದರು. ಹಾರ್ಪರ್ ಬೇಕೆಂದರು. ಕಪ್ಪೂ ಹೌದು ಹೆಣ್ಣೂ ಹೌದು ಅನ್ನುವವರಿಗೆ ಒಂದನ್ನು ಆರಿಸಿಕೋ ಅಂದರೆ ಏನು ಮಾಡೋದು? ಆಮೇಲೆ ಚಳವಳಿಯ ದಪ್ಪ ದಪ್ಪ ಇತಿಹಾಸ ಬರೆಯಲು ಕೂತವರು ಯಾರು? 1881ರಲ್ಲಿ ಮೊದಲ ಸಂಪುಟ ತಂದವರು ಸ್ಟ್ಯಾಂಟನ್, ಆಂಥನಿ, ಅವರ ಜೊತೆ ಇನ್ನೊಬ್ಬ ಹೋರಾಟಗಾರ್ತಿ ಮಟಿಲ್ಡಾ ಗೇಜ್. ಪೆನ್ನು ಅವರ ಕೈಲಿತ್ತು. ಇದೂ ಗಡಿಗೆಯದ್ದೇ ಕಥೆ.

ಚೀಟಿ ಬಂತು, ಸಮಯ ಆಯ್ತಂತೆ. ಇನ್ನೂ ನಾಲ್ಕು ಹೆಸರು ಇದ್ದವು, ಎಲ್ಲರೂ ಕಪ್ಪು ಹೆಂಗಸರೇ, ಓಡಿಸಿಬಿಡುತ್ತೇನೆ. ಎಲಿಜಬೆತ್ ಜೆನ್ನಿಂಗ್ಸ್: 1854ರಲ್ಲಿ ನ್ಯೂಯಾರ್ಕ್ ಟ್ರಾಮಿನಿಂದ ಎಳೆದು ಇಳಿಸಿದರು, ಕೇಸು ಹಾಕಿ ಗೆದ್ದರು. ವಕೀಲ ಚೆಸ್ಟರ್ ಆರ್ಥರ್, ಮುಂದೆ ಅಧ್ಯಕ್ಷರಾದವರೇ. ಸಾರಾ ರೆಮಂಡ್: ಬಾಸ್ಟನ್‌ನಲ್ಲಿ ಒಪೆರಾ ನೋಡಲು ಹೋಗಿ ಹೊರದಬ್ಬಿಸಿಕೊಂಡರು, ಅವರೂ ಗೆದ್ದರು. ಮೇರಿ ಆನ್ ಶ್ಯಾಡ್ ಕೇರಿ ಕೆನಡಾದಲ್ಲಿ ಪತ್ರಿಕೆಯನ್ನೇ ನಡೆಸಿದರು. ಮರಾಯಾ ಸ್ಟೂವರ್ಟ್ ಬಗ್ಗೆ ಇಡೀ ಸಂಜೆ ಬೇಕು, ಬಿಡಿ.

ಹಾರ್ಪರ್ 1911ರಲ್ಲಿ ತೀರಿಕೊಂಡರು. 1920 ನೋಡಲಿಲ್ಲ. ನೋಡಿದ್ದರೂ ದಕ್ಷಿಣದ ರಾಜ್ಯಗಳ ಬಹುಪಾಲು ಕಪ್ಪು ಹೆಂಗಸರು 1965ರ ಮತದಾನ ಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು. ಅದನ್ನು ಹೇಳೋಕೆ ಇನ್ನೊಮ್ಮೆ ಕರೆಯಿರಿ. ಶಾಲು, ಹಾರ ಬೇಡ, ಆ ಸಮಯ ನನಗೇ ಕೊಡಿ. ನಮಸ್ಕಾರ.