ಈಥೈಲ್ ವೆನಿಲಿನ್: ಬಳ್ಳಿ ಕಾಣದ ಪರಿಮಳ

ಕೇಳುಗರಿಗೆ ನಮಸ್ಕಾರ.

ಐಸ್ ಕ್ರೀಮು, ಬಿಸ್ಕತ್ತು, ಚಾಕೊಲೇಟುಗಳಲ್ಲಿ ನಾವು ವೆನಿಲಾ ಎಂದು ಸವಿಯುವ ಪರಿಮಳದಲ್ಲಿ ಬಹುಪಾಲು ವೆನಿಲಾ ಬಳ್ಳಿಯಿಂದ ಬಂದದ್ದಲ್ಲ. ಅದು ಕಾರ್ಖಾನೆಯ ಸರಕು. ಇದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ.

ವೆನಿಲಾ ಮೆಕ್ಸಿಕೊ ಕಡೆಯ ಆರ್ಕಿಡ್ ಬಳ್ಳಿ. ಬೇರೆ ನಾಡಿಗೆ ಒಯ್ದರೆ ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಕೈಯಿಂದಲೇ ಪರಾಗ ಸೋಕಿಸುವ ಸುಲಭ ಉಪಾಯವನ್ನು 1841ರಲ್ಲಿ ತೋರಿಸಿಕೊಟ್ಟವನು ಇಂದಿನ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, ಆಗ 12 ವರ್ಷದ ಗುಲಾಮ ಹುಡುಗ. ಇಂದಿಗೂ ಬೆಳೆಗಾರರು ಒಂದೊಂದು ಹೂವಿಗೂ ಹಾಗೆಯೇ ಕೈಹಚ್ಚಬೇಕು. ಕಾಯಿಯನ್ನು ತಿಂಗಳುಗಟ್ಟಲೆ ಹದಮಾಡಿ ಒಣಗಿಸಿದ ಮೇಲೂ ಅದರಲ್ಲಿರುವ ವೆನಿಲಿನ್, ಅಂದರೆ ಆ ಪರಿಮಳದ ಮುಖ್ಯ ವಸ್ತು, ನೂರಕ್ಕೆ ಸುಮಾರು ಎರಡು ಪಾಲು ಮಾತ್ರ. ದುಬಾರಿಯಾಗದೆ ಇನ್ನೇನಾದೀತು?

ಫ್ರಾನ್ಸಿನ ಗೋಬ್ಲೆ 1858ರಲ್ಲಿ ವೆನಿಲಿನ್ ಅನ್ನು ಬೇರ್ಪಡಿಸಿದ. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಸೂಚಿಪರ್ಣಿ ಮರಗಳ ರಸದಲ್ಲಿರುವ ಕೊನಿಫೆರಿನ್‌ನಿಂದ ಅದನ್ನು ತಯಾರಿಸಿದರು. ಆಮೇಲೆ ಕಾಗದದ ಗಿರಣಿಗಳ ತ್ಯಾಜ್ಯದಲ್ಲಿನ ಲಿಗ್ನಿನ್, ಅಂದರೆ ಮರಕ್ಕೆ ಗಟ್ಟಿತನ ಕೊಡುವ ವಸ್ತು, ಅದಕ್ಕೆ ಕಚ್ಚಾವಸ್ತುವಾಯಿತು. ಈಗ ಹೆಚ್ಚಿನದು ಪೆಟ್ರೋಲಿಯಂ ಮೂಲದ ಗ್ವಾಯಕಾಲ್ ಎಂಬ ರಾಸಾಯನಿಕದಿಂದ ಬರುತ್ತದೆ. ಮೂಲ ಯಾವುದಾದರೂ ಅಣು ಅದೇ. ಎಂಟು ಕಾರ್ಬನ್, ಎಂಟು ಹೈಡ್ರೋಜನ್, ಮೂರು ಆಮ್ಲಜನಕ.

ರಸಾಯನಶಾಸ್ತ್ರಜ್ಞರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಆ ಅಣುವಿನಲ್ಲಿರುವ ಮೀಥೈಲ್ ಗುಂಪಿನ ಜಾಗದಲ್ಲಿ ಈಥೈಲ್ ಗುಂಪನ್ನು ಕೂರಿಸಿದರು. ಹೆಚ್ಚಿದ್ದು ಒಂದು ಕಾರ್ಬನ್, ಎರಡು ಹೈಡ್ರೋಜನ್. ಪರಿಮಳ ಮಾತ್ರ ಸುಮಾರು ಮೂರು ಪಟ್ಟು ಏರಿತು! ಅದೇ ಈಥೈಲ್ ವೆನಿಲಿನ್. ವೆನಿಲಿನ್ ವಿಷಯದಲ್ಲಿ ಮನುಷ್ಯ ಮಾಡಿದ್ದು ಬರೀ ನಕಲು. ಇಲ್ಲಿ ಸ್ವಂತ ಬುದ್ಧಿ ಓಡಿಸಿದ್ದಾನೆ.

ಹಾಗೆಂದು ಕಾಯಿಯನ್ನು ಕಡೆಗಣಿಸುವಂತಿಲ್ಲ. ಅದರಲ್ಲಿ ವೆನಿಲಿನ್ ಜೊತೆಗೆ ನೂರಾರು ಬೇರೆ ಘಟಕಗಳಿವೆ. ಹಾಲಿನ ತಣ್ಣನೆಯ ತಿನಿಸಿನಲ್ಲಿ ಆ ಸೂಕ್ಷ್ಮ ನಾಲಿಗೆಗೆ ತಿಳಿಯುತ್ತದೆ. ಬಿಸ್ಕತ್ತಿನಲ್ಲಿ ಹಾಗಲ್ಲ. ಒಲೆಯ ಕಾವಿಗೆ ನವಿರಾದ ಪರಿಮಳಗಳೆಲ್ಲ ಹಾರಿಹೋಗುತ್ತವೆ. ಅದಕ್ಕೂ ದುಬಾರಿ ಕಾಯಿಯನ್ನೇ ಸುರಿಯುವುದು, ನನ್ನ ಮಟ್ಟಿಗೆ, ಬರೀ ಶೋಕಿ.

ನಿಜವಾದ ತಕರಾರು ಇರುವುದು ಹಣೆಪಟ್ಟಿಯಲ್ಲಿ. ಕಾರ್ಖಾನೆಯ ವೆನಿಲಿನ್ ಬೆರೆಸಿ ಶುದ್ಧ ವೆನಿಲಾ ಸಾರವೆಂದು ಮಾರಿದರೆ ಹಿಡಿಯುವುದು ಕಷ್ಟ, ಅಣು ಒಂದೇ ಆದ್ದರಿಂದ. ಪ್ರಯೋಗಾಲಯದಲ್ಲಿ ಕಾರ್ಬನ್ 13ರ, ಅಂದರೆ ಕಾರ್ಬನ್ನಿನ ತುಸು ಭಾರದ ರೂಪದ, ಪ್ರಮಾಣವನ್ನು ಅಳೆದು ಮೂಲವನ್ನು ಪತ್ತೆಹಚ್ಚಬೇಕಾಗುತ್ತದೆ. ಈಥೈಲ್ ವೆನಿಲಿನ್ ಬೆರೆಸಿದವನು ಮಾತ್ರ ಸುಲಭವಾಗಿ ಸಿಕ್ಕಿಬೀಳುತ್ತಾನೆ. ವೆನಿಲಾ ಕಾಯಿಯ ಸಾರದಲ್ಲಿ ಅದಕ್ಕೆ ಏನು ಕೆಲಸ ಎಂದು ಕೇಳಿದರೆ ಅವನ ಬಳಿ ಉತ್ತರವಿರುವುದಿಲ್ಲ.

ನಮಸ್ಕಾರ.