ಜನರ ಜೊತೆ ನಿಂತ ಡಾರ್ಸಿ ರಿಬೇರೊ

ಕೇಳುಗರಿಗೆಲ್ಲ ನಮಸ್ಕಾರ.

ಮಾನವಶಾಸ್ತ್ರ ಅಂದರೆ ಹಳೇ ಮೂಳೆ, ಮಡಕೆ ಚೂರು ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ. ದಯವಿಟ್ಟು ಅದನ್ನು ಬಿಡಿ. ಅದು ಬದುಕಿರುವ ಜನರನ್ನು ಅರಿಯುವ ಕೆಲಸ. ಅರಿತ ಮೇಲೆ ಅವರ ಜೊತೆ ನಿಲ್ಲುವ ಕೆಲಸ. ಬ್ರೆಜಿಲ್‌ನ ಮಾನವಶಾಸ್ತ್ರಜ್ಞ ಡಾರ್ಸಿ ರಿಬೇರೊ ಅವರ ಹೆಸರು ಇವತ್ತಿಗೂ ಉಳಿದಿರುವುದು ಇದರಿಂದಲೇ. ಅವರು ನಿಂತರು.

1922ರಲ್ಲಿ ಹುಟ್ಟಿದವರು. ಓದು ಮುಗಿಸಿ ಮೂಲನಿವಾಸಿಗಳ ರಕ್ಷಣಾ ಇಲಾಖೆ ಸೇರಿದರು. ಕಡಿವೆವು, ಕಾಪೊರ್ ಅನ್ನೋ ಬುಡಕಟ್ಟು ಜನರ ನಡುವೆ ತಿಂಗಳುಗಟ್ಟಲೆ ಇದ್ದರು. 1953ರಲ್ಲಿ ರಿಯೊ ಡಿ ಜನೈರೊ ನಗರದಲ್ಲಿ ಮೂಲನಿವಾಸಿಗಳ ವಸ್ತುಸಂಗ್ರಹಾಲಯ ತೆರೆದರು. ಅವರ ಬಗ್ಗೆ ನಗರದವರಿಗಿದ್ದ ಕೀಳು ಭಾವನೆ ಹೋಗಬೇಕು, ಅದೇ ಉದ್ದೇಶ. ಶಿಂಗು ನದಿಯ ಕಾಡು ಅಲ್ಲಿನ ಬುಡಕಟ್ಟುಗಳಿಗೇ ಉಳಿಯಲಿ ಅಂತ ಆ ಬುಡಕಟ್ಟುಗಳಿಗಾಗಿ ದುಡಿಯುತ್ತಿದ್ದ ವಿಲ್ಲಾಸ್ ಬೋವಾಸ್ ಸಹೋದರರ ಜೊತೆ ಸೇರಿ ವಾದಿಸಿದರು. 1961ರಲ್ಲಿ ಸರ್ಕಾರ ಒಪ್ಪಿತು. ಬ್ರೆಸಿಲಿಯಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಅವರೇ. 1964ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು, ಇವರು ದೇಶ ಬಿಡಬೇಕಾಯಿತು.

ಈಗ ನನಗೆ ತುಂಬ ಇಷ್ಟವಾದ ಸಂಗತಿ ಹೇಳಲೇಬೇಕು. ಬ್ರೆಜಿಲ್ ಜನ ಹೇಗೆ ರೂಪುಗೊಂಡರು ಅಂತ ಒಂದು ಪುಸ್ತಕ ಬರೆಯಬೇಕೆಂದು ದೇಶದ ಹೊರಗಿದ್ದಾಗಲೇ ಶುರುಮಾಡಿದ್ದರು. ಬರೆಯುವುದು, ತೃಪ್ತಿಯಾಗದೆ ಬದಿಗಿಡುವುದು, ಮತ್ತೆ ಬರೆಯುವುದು. ಸುಮಾರು 30 ವರ್ಷ ಹೀಗೇ ಹೋಯಿತು. ನಡುವೆ ಕ್ಯಾನ್ಸರ್ ಬಂದು 1974ರಲ್ಲಿ ಒಂದು ಶ್ವಾಸಕೋಶ ತೆಗೆದರು. ಇಪ್ಪತ್ತು ವರ್ಷದ ಮೇಲೆ ಕಾಯಿಲೆ ಮತ್ತೆ ಬಂತು. ರಿಯೊದ ಆಸ್ಪತ್ರೆಯಲ್ಲಿ ಐಸಿಯುಗೆ ಸೇರಿಸಿದರು. ಪುಸ್ತಕ ಮುಗಿಸದೆ ಸಾಯುತ್ತೇನೆ ಅನ್ನೋ ಚಿಂತೆ ಅವರಿಗೆ. ಏನು ಮಾಡಿದರು ಗೊತ್ತಾ? ಐಸಿಯುನಿಂದ ತಪ್ಪಿಸಿಕೊಂಡು ಹೋದರು! ಮರಿಕಾ ಅನ್ನೋ ಕಡಲ ತೀರದ ಊರಿನ ತಮ್ಮ ಮನೆ ಸೇರಿ ಬರೆಯುತ್ತ ಕೂತರು. 1995ರಲ್ಲಿ ಪುಸ್ತಕ ಹೊರಬಂತು. ಅದಾದ ಮೇಲೂ ಸೆನೆಟರ್ ಆಗಿ ಶಿಕ್ಷಣ ಕಾಯ್ದೆಗಾಗಿ ದುಡಿದರು. 1996ರ ಆ ಕಾಯ್ದೆಯನ್ನು ಇವರ ಹೆಸರಿಂದಲೇ ಕರೆಯುತ್ತಾರೆ. 1997ರ ಫೆಬ್ರವರಿಯಲ್ಲಿ ತೀರಿಕೊಂಡರು.

ಸಮಯ ಕಡಿಮೆ ಇದೆ. ಬ್ರೆಜಿಲ್‌ನ ಕಾರ್ನಿವಲ್ ಹಬ್ಬದ ಬಗ್ಗೆ ಬರೆದ ರೊಬೆರ್ಟೊ ಡಮಾಟಾ, ಅಮೆಜಾನ್ ಜನರ ಚಿಂತನೆಯನ್ನು ಜಗತ್ತಿಗೆ ತೋರಿಸಿದ ಎಡುವಾರ್ಡೊ ವಿವೇರೋಸ್ ಡಿ ಕಾಸ್ಟ್ರೊ ಕೂಡ ಅಲ್ಲಿನ ಮಾನವಶಾಸ್ತ್ರದಲ್ಲಿ ದೊಡ್ಡ ಹೆಸರುಗಳೇ. ಅವರನ್ನೂ ಓದಿ. ಆದರೆ ಜನರ ಜೊತೆ ನಿಂತವರು ಅಂದರೆ ನನಗೆ ಮೊದಲು ನೆನಪಾಗುವುದು ರಿಬೇರೊ. ರಿಯೊ ರಾಜ್ಯದ ಉಪ ಗವರ್ನರ್ ಆಗಿದ್ದಾಗ ದಿನವಿಡೀ ನಡೆಯುವ ಶಾಲೆಗಳನ್ನು ಕಟ್ಟಿಸಿದರು. ಬಡ ಮಕ್ಕಳಿಗೆ ಪಾಠ, ಊಟ, ಸ್ನಾನ ಎಲ್ಲವೂ ಅಲ್ಲೇ. ಟಿವಿಯಲ್ಲಿ ರಿಯೊ ಕಾರ್ನಿವಲ್‌ನ ಸಾಂಬಾ ಕುಣಿತದ ಮೆರವಣಿಗೆ ನೋಡಿರುತ್ತೀರಿ, ಅಲ್ವಾ? ಅದು ನಡೆಯುವ ಜಾಗ 1984ರಲ್ಲಿ ಇವರ ಒತ್ತಾಯದಿಂದಲೇ ಎದ್ದಿತು. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಕೆಳಗೆ ಮಕ್ಕಳಿಗೆ ತರಗತಿ ಕೋಣೆಗಳನ್ನೂ ಮಾಡಿಸಿದ್ದರು. ಈಗ ಆ ಜಾಗದ ಅಧಿಕೃತ ಹೆಸರಿನಲ್ಲಿ ಪ್ರೊಫೆಸರ್ ಡಾರ್ಸಿ ರಿಬೇರೊ ಇದ್ದಾರೆ.

ನಮಸ್ಕಾರ.